ಹೊಸ್ತಿಲಲ್ಲಿ ನಿಂತು ಓದುವ ಮಾತುಗಳು

ಮೇ ೨

ತಮ್ಮಾ,

ನೀನು ಕೇಳಿದ ಹಾಗೆ ನಮ್ಮಿಬ್ಬರ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕಳಿಸುತ್ತಿದ್ದೇನೆ. ನಿನ್ನ ಮಗಳು ಗುಬ್ಬಿ ದೊಡ್ಡವಳಾದ ಮೇಲೆ ಓದಲಿ ಅಂತ ನಿನ್ನ ಆಸೆ. ಆಗಲಿ. ಆದರೆ ಕಚೇರಿಯ ಚೀಟಿಗಳ ಜೊತೆ ಬೆರೆಸಬೇಡ. ನಿಮ್ಮ ಅರಬ್ಬಿ ನಿಘಂಟಿನ ಕಚೇರಿಯೊಳಗೆ ಹೋದ ಕಾಗದ ಹೊರಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಬಟ್ಟೆ ಅಂಗಡಿಯವಳು. ಕಟ್ಟು ಬಿಚ್ಚುವ ಮುಂಚೆ ಬೆಲೆ ಹೇಳಿಬಿಡುವುದು ನನ್ನ ಪದ್ಧತಿ. ಈ ಇಡೀ ಪ್ರಕರಣಕ್ಕೆ ಆದ ಖರ್ಚು ಇಷ್ಟು: ಅಮ್ಮನ ಕಾಲದ ಗಾಜಿನ ಹೂಜಿ ಒಂದು, ಗೋಡೆಗೆ ಬಡಿದು ಪುಡಿ. ಗಿಳಿ ಒಂದು. ಒಳ್ಳೆಯ ಗಿರಾಕಿಗೆಂದು ಎತ್ತಿಟ್ಟಿದ್ದ ಜರಿ ಬಟ್ಟೆಯ ಥಾನು ಒಂದು, ಕಿಟಕಿಗೆ ಪರದೆಯಾಯಿತು. ಅಪ್ಪನ ಅರಬ್ಬಿ, ಜೀವಮಾನವೆಲ್ಲ ಕೂಡಿಟ್ಟದ್ದು, ಒಂದೇ ಬೆಳಗ್ಗೆ ಖಾಲಿ. ನನ್ನ ಹೆಸರು, ಅದು ಕಳೆದೇ ಹೋಯಿತು ಅಂದುಕೊಂಡಿದ್ದೆ, ಆಮೇಲೆ ಬೇರೆ ದಾರಿಯಿಂದ ವಾಪಸು ಬಂತು. ಇನ್ನು ನಿನ್ನ ಮೇಲೆ ನನಗಿದ್ದ ಸಿಟ್ಟು. ಅದನ್ನು ಖರ್ಚಿಗೆ ಬರೆಯಲೋ ಲಾಭಕ್ಕೋ ಇನ್ನೂ ತೀರ್ಮಾನವಾಗಿಲ್ಲ.

ಉಳಿದದ್ದನ್ನು ಎಲ್ಲ ಓದಿದ ಮೇಲೆ ಕೊನೆಯಲ್ಲಿ ನೋಡಿಕೋ.

ಅಕ್ಕ

*

ಜನವರಿ ೯

ತಮ್ಮಾ,

ನಿನ್ನ ನಿಘಂಟಿನ ಅಚ್ಚಿನ ಹಾಳೆಗಳು ತಲುಪಿದವು. ಅಪ್ಪ ಓದಲು ಕುಳಿತಿದ್ದರು. ಅಭಿಪ್ರಾಯ ಬರೆಯುವುದು ತಡವಾಗಬಹುದು. ಚಳಿ ಜಾಸ್ತಿ, ಕೈ ಚುರುಕಾಗಿಲ್ಲ. ಅಪ್ಪನ ಅರಬ್ಬಿ ಪಾಠಶಾಲೆಗೆ ಕೆಲವು ದಿನ ರಜೆ ಕೊಟ್ಟಿದ್ದೇನೆ.

ಅಂಗಡಿ ಚೆನ್ನಾಗಿದೆ. ನಿನ್ನೆ ಒಬ್ಬಳು ಬಂದು ಅರ್ಧ ಅಂಗಡಿ ಕೆಳಗಿಳಿಸಿ, ಎಲ್ಲ ಮುಟ್ಟಿ, ಕೆನ್ನೆಗೆ ಒತ್ತಿ ನೋಡಿ, ಕೊನೆಗೆ “ಅಕ್ಕಾ, ಒಂದು ಕರ್ಚೀಫ್ ಕೊಡಿ” ಅಂದಳು. “ಕಣ್ಣೊರೆಸಿಕೊಳ್ಳೋಕೆ ತಾನೆ? ನನಗೂ ಒಂದು ಬೇಕು” ಅಂದೆ. ನಕ್ಕು ಎರಡು ತೆಗೆದುಕೊಂಡಳು.

ನೀನು ಬರುವುದೇನೂ ಬೇಡ. ಬಂದರೂ ಅದೇ ಹಳೆಯ ರಗಳೆ. ನಿನ್ನ ಮನೆಯವಳಿಗೂ ಮಗುವಿಗೂ ಆರೋಗ್ಯ ತಾನೆ? ನಾನು ಹೀಗೆ ಕೇಳುವುದು ಅಪ್ಪನಿಗೆ ಗೊತ್ತಾದರೆ ಗಲಾಟೆ ಆಗುತ್ತಿತ್ತು. ಈಗ ಆ ಭಯವಿಲ್ಲ.

ಅಂದಹಾಗೆ, ಅಪ್ಪ ಚಿಕ್ಕಂದಿನಲ್ಲಿ ಎಲ್ಲಿದ್ದರು, ಯಾರ ಮನೆಯಲ್ಲಿ ಬೆಳೆದರು ಅಂತ ನಿನಗೇನಾದರೂ ಹೇಳಿದ್ದರಾ? ಸುಮ್ಮನೆ ಕೇಳಿದೆ.

ಅಕ್ಕ

*

ಜನವರಿ ೨೧

ಅಕ್ಕಾ,

ಅಪ್ಪ ಉತ್ತರ ಬರೆಯದಿರುವುದಕ್ಕೆ ಚಳಿ ಕಾರಣವಲ್ಲ ಅಂತ ನನಗೆ ಗೊತ್ತು. ನೀನು ನಡುವೆ ನಿಂತು ತೇಪೆ ಹಚ್ಚಬೇಡ. ಆ ಹಾಳೆಗಳಲ್ಲಿ ‘ಜೌಹರ್’ ಎಂಬ ಪದವಿದೆ, ರತ್ನ ಅನ್ನುವ ಅರ್ಥದ್ದು.

ನಿನಗೆ ನಮ್ಮ ಕಚೇರಿಯ ಪದ್ಧತಿ ಹೇಳಿಲ್ಲ. ಇಲ್ಲಿ ಪ್ರತಿ ಪದಕ್ಕೂ ಒಂದು ಚೀಟಿ. ಹೊರಗಿನಿಂದ ಅರಬ್ಬಿಗೆ ಬಂದ ಪದವಾದರೆ ಚೀಟಿಯ ಬಲ ಮೂಲೆಯನ್ನು ಕತ್ತರಿಯಿಂದ ತೆಗೆಯುತ್ತೇವೆ. ಪೆಟ್ಟಿಗೆ ತೆರೆದರೆ ಮೂಲೆಯಿಲ್ಲದ ಚೀಟಿಗಳು ಒಂದೇ ನೋಟಕ್ಕೆ ಕಾಣಬೇಕು. ಅವುಗಳಲ್ಲಿ ಬಹುಪಾಲು ಪಾರಸಿಯವು. ಹೂಜಿಗೆ ಅರಬ್ಬಿಯಲ್ಲಿ ‘ಇಬ್ರೀಕ್’ ಅನ್ನುತ್ತಾರೆ. ಅದು ಪಾರಸಿಯ ‘ನೀರು ಸುರಿಯುವುದು’. ನೀನು ಮಾರುವ ಜರಿ ಬಟ್ಟೆ ‘ದೀಬಾಜ್’, ಅದೂ ಪಾರಸಿ. ಅಳತೆಯ ಶಾಸ್ತ್ರ ‘ಹಂದಸ’. ಅದನ್ನು ಹೆತ್ತ ಪಾರಸಿ ಮಾತೇ ಇನ್ನೊಂದು ದಾರಿ ಹಿಡಿದು ಬಂದು ನಿನ್ನ ಅಂಗಡಿಯಲ್ಲಿ ‘ಅಂದಾಜು’ ಆಗಿ ಕುಳಿತಿದೆ. ನೀನು ಗಿರಾಕಿಗೆ “ಅಂದಾಜು ಎಷ್ಟು ಗಜ ಬೇಕು?” ಅಂದಾಗಲೆಲ್ಲ ಅರಬ್ಬಿ ರೇಖಾಗಣಿತದ ಸೋದರಸಂಬಂಧಿಯನ್ನು ಮಾತಾಡಿಸುತ್ತಿರುತ್ತೀಯ.

ಅಪ್ಪನ ತರಗತಿ ನಿನಗೆ ನೆನಪಿರಬೇಕು. ಪಾಠದ ಮಧ್ಯೆ ಹೊರಗಿನ ಪದ ಬಂದರೆ ಓದುತ್ತಿದ್ದವನು ಎದ್ದು, ಬಾಗಿಲಿಗೆ ಹೋಗಿ, ಹೊಸ್ತಿಲ ಆಚೆ ನಿಂತು ಆ ಪದವನ್ನು ಓದಿ, ಮತ್ತೆ ಒಳಗೆ ಬಂದು ವಾಕ್ಯ ಮುಂದುವರಿಸಬೇಕು. “ಹೊರಗಿನವರು ಹೊರಗೇ ನಿಂತು ಮಾತಾಡಲಿ” ಅನ್ನುತ್ತಿದ್ದರು. ತಮ್ಮನ್ನು ‘ಉಸ್ತಾದ್’ ಅಂತ ಕರೆಯಲೂ ಬಿಡಲಿಲ್ಲ, ಅದೂ ಪಾರಸಿ ಅಂತ, ‘ಮುಅಲ್ಲಿಮ್’ ಅನ್ನಬೇಕಿತ್ತು. ತೋಟ, ಹೂವು, ಆಭರಣದ ಪದ್ಯ ಬಂದ ದಿನ ನಮ್ಮ ಕಾಲು ಬಿದ್ದು ಹೋಗುತ್ತಿದ್ದವು. ಒಂದು ದಿನ ‘ಜೌಹರ್’ ಬಂತು. ನಾನು ಎದ್ದು ಬಾಗಿಲಿಗೆ ಹೊರಟೆ.

“ಎಲ್ಲಿಗೆ?”

“ಜೌಹರ್ ಪಾರಸಿ ಅಲ್ವಾ ಅಪ್ಪಾ? ಗೌಹರ್‌ನಿಂದ ಬಂದದ್ದು.”

“ಕೂತ್ಕೋ. ಅದು ಮನೆ ಮಾತು. ಒಳಗೇ ಓದು.”

ಇಡೀ ತರಗತಿ ನಕ್ಕಿತು. ಮನೆಯಲ್ಲಿ ನಿನ್ನನ್ನು ಜೌಹರ್ ಅಂತ ಕರೆಯುವುದು ಎಲ್ಲರಿಗೂ ಗೊತ್ತಿತ್ತಲ್ಲ. ಅಪ್ಪ ವಿನಾಯಿತಿ ಕೊಟ್ಟ ಪದ ಅದೊಂದೇ. ಈಗ ನಾನು ಅದರ ಮೂಲೆ ಕತ್ತರಿಸಿ ಅಚ್ಚಿಗೆ ಕೊಟ್ಟಿದ್ದೇನೆ. ಮಗಳ ಹೆಸರಿಗೇ ಕತ್ತರಿ ಹಾಕಿದ ಅಂತ ಮಾತು ಬಿಟ್ಟಿರಬೇಕು. ಐದು ವರ್ಷದ ಹಿಂದೆ ಪಾರಸಿ ಮನೆಮಾತಿನವಳನ್ನು ನಾನು ಮದುವೆಯಾದಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅವಳ ಭಾಷೆ ನನ್ನ ಹೊಸ್ತಿಲು ದಾಟಬಾರದು. ಬರೋದಾದ್ರೆ ಒಬ್ಬನೇ ಬಾ.” ಒಬ್ಬನೇ ಬರುವುದಿಲ್ಲ ಅಂದೆ. ಈಗಲೂ ಅದೇ.

ಒಂದು ಮಾತು ಮಾತ್ರ ಒಪ್ಪಬೇಕು. ಪಾರಸಿ ಕಲಿಯದೆಯೇ ಆ ಮನುಷ್ಯ ಅಷ್ಟು ಪಾರಸಿ ಪದಗಳನ್ನು ಒಂದೂ ತಪ್ಪದೆ ಹೇಗೆ ಹಿಡಿಯುತ್ತಿದ್ದರೋ! ನಮ್ಮ ಕಚೇರಿಯ ಹಿರಿಯರಿಗೇ ಅದು ಬಾರದು. ಪಾಂಡಿತ್ಯ ಅಂದರೆ ಅದು.

ಅವರ ಬಾಲ್ಯದ ಬಗ್ಗೆ ನನಗೇನೂ ಗೊತ್ತಿಲ್ಲ. ಕೇಳಿದಾಗಲೆಲ್ಲ “ವ್ಯಾಕರಣ ತೆಗಿ” ಅನ್ನುತ್ತಿದ್ದರು. ಈಗೇಕೆ ಕೇಳಿದೆ?

ತಮ್ಮ

*

ಫೆಬ್ರವರಿ ೧

ತಮ್ಮಾ,

ನಿನ್ನ ಕಾಗದವನ್ನು ಒಲೆಗೆ ಹಾಕಬೇಕು ಅನ್ನಿಸಿತು. ಸುಳ್ಳು ಹೇಳಿದವಳು ನಾನು, ಆದರೂ ಸಿಟ್ಟು ನಿನ್ನ ಮೇಲೆ.

ಅಪ್ಪನಿಗೆ ಲಕ್ವ ಹೊಡೆದಿದೆ. ಹಿಂದಿನ ಕಾಗದ ಬರೆಯುವ ಮೊದಲೇ. ಬಲಗೈ, ಬಲಗಾಲು ಎರಡೂ ಬಿದ್ದಿವೆ. ನಿನ್ನ ಹಾಳೆ ಹಿಡಿದು ಕುಳಿತಿದ್ದವರು ಏನನ್ನೋ ಗಟ್ಟಿಯಾಗಿ ಓದಿದರು, ಇನ್ನೊಮ್ಮೆ ಓದಿದರು, ಕುರ್ಚಿಯಿಂದ ಜಾರಿದರು. ಆ ಹಾಳೆಯಲ್ಲಿ ಏನಿತ್ತು ಅಂತ ಈಗ ನಿನ್ನ ಕಾಗದದಿಂದ ತಿಳಿಯಿತು. ಸಂತೋಷವಾಯಿತಾ? ಒಬ್ಬನೇ ಬಾ, ಒಬ್ಬನೇ ಬರಲ್ಲ ಅನ್ನುವ ನಿಮ್ಮಿಬ್ಬರ ಹಗ್ಗಜಗ್ಗಾಟ ರೋಗಿಯ ಮಂಚದ ಮೇಲೆ ಬೇಡ ಅಂತ ನಾನು ಮುಚ್ಚಿಟ್ಟೆ.

ಕೈಕಾಲಿಗಿಂತ ಮಾತಿನದು ದೊಡ್ಡ ಕಷ್ಟ. ಮಾತು ನಿಂತಿಲ್ಲ, ಕೆಟ್ಟಿದೆ. ಎಚ್ಚರವಿದ್ದಷ್ಟು ಹೊತ್ತೂ ಬಾಯಿ ಓಡುತ್ತದೆ, ಆದರೆ ಅದು ನಮ್ಮ ಮಾತೂ ಅಲ್ಲ, ಅರಬ್ಬಿಯೂ ಅಲ್ಲ. ಹಳೆಯ ಶಿಷ್ಯರೊಬ್ಬರು ಬಂದು ಅರಬ್ಬಿಯಲ್ಲಿ ಮಾತಾಡಿಸಿದರು. ಅಪ್ಪ ಅವರನ್ನು ದಾರಿ ತಪ್ಪಿ ಬಂದವರನ್ನು ನೋಡುವ ಹಾಗೆ ನೋಡಿದರು. ಶಿಷ್ಯರು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತರು. ಡಾಕ್ಟರು, “ಬಡಬಡಿಕೆ ಅಮ್ಮಾ, ಮೆದುಳಿಗೆ ಪೆಟ್ಟಾದ್ರೆ ಹೀಗಾಗತ್ತೆ. ಕಿವಿಗೆ ಬಿದ್ದಿದ್ದನ್ನ ಹಾಗೇ ಬರೆದಿಡಿ. ದಿನ ಕಳೆದ ಹಾಗೆ ನಿಜವಾದ ಮಾತು ಬೆರೆಯತ್ತಾ ನೋಡೋಣ” ಅಂದರು.

ಬರೆದಿಟ್ಟಿದ್ದೇನೆ. ಜಾಸ್ತಿ ಕೇಳುವುದು ಇವು:

ಪಂಜರಾ ಬಾಜ್ ಕುನ್.

ತಿಶ್ನ ಅಮ್, ತಿಶ್ನ ಅಮ್.

ಗೌಹರ್ ಕುಜಾಸ್ತ್.

ಮೂರನೆಯದರಲ್ಲಿ ನನ್ನನ್ನು ಕರೆಯುತ್ತಿದ್ದಾರೆ, ನಾಲಿಗೆ ದಪ್ಪವಾಗಿ ಜೌಹರ್ ಅನ್ನಲು ಆಗುತ್ತಿಲ್ಲ. “ಇಲ್ಲೇ ಇದ್ದೀನಿ ಅಪ್ಪಾ” ಅಂದರೆ ನನ್ನನ್ನು ದಾಟಿ ಬಾಗಿಲು ನೋಡುತ್ತಾರೆ. ಮೊದಲನೆಯದರಲ್ಲಿ ಪಂಜರ ಅಂದದ್ದು ಕೇಳಿ, ಬೇಸರಕ್ಕೆ ಗಿಳಿ ಬೇಕೇನೋ ಅಂತ ಪೇಟೆಯಿಂದ ಒಂದು ಗಿಳಿಯನ್ನೇ ತಂದೆ. ಪಂಜರ ಮಂಚದ ಪಕ್ಕ ಇಟ್ಟಾಗ ಅವರು ನನ್ನನ್ನು ನೋಡಿದ ನೋಟವಿದೆಯಲ್ಲ, ಅದು ಬುದ್ಧಿ ಕೆಟ್ಟವರ ನೋಟ ಅಲ್ಲ. ನನಗೇ ಬುದ್ಧಿ ಕೆಟ್ಟಿದೆ ಅನ್ನುವ ನೋಟ.

ಎರಡು ದಿನದಿಂದ ತುತ್ತು ಮುಟ್ಟುತ್ತಿಲ್ಲ. ಮೊನ್ನೆ ಔಷಧಿ ಹಿಡಿದೆ. ಎಡಗೈಯಿಂದ ಹೂಜಿ ಎತ್ತಿ ಗೋಡೆಗೆ ಬೀಸಿದರು. ಹೀಗೇ ಆದರೆ ಉಳಿಯುವುದಿಲ್ಲ ಅಂದಿದ್ದಾರೆ ಡಾಕ್ಟರು. ಚಳಿ ತಾಗಬಾರದು ಅಂತ ಕಿಟಕಿಗಳನ್ನೆಲ್ಲ ಮುಚ್ಚಿಸಿ ಹೋಗಿದ್ದಾರೆ.

ಇದು ಹಳೆಯ ಕಾಲದ ಅರಬ್ಬಿ ಏನಾದರೂ ಇರಬಹುದಾ? ನಿನ್ನ ಚೀಟಿಗಳಲ್ಲಿ ಹುಡುಕು. ಅಷ್ಟು ವರ್ಷ ಓದಿದ್ದಕ್ಕೆ ಅಪ್ಪನಿಗೆ ಒಂದು ತುತ್ತಿನ ಉಪಕಾರವಾದರೂ ಆಗಲಿ.

ಅಕ್ಕ

*

ತಂತಿ, ಫೆಬ್ರವರಿ ೮

ಕಿಟಕಿ ತೆಗೆ. ನೀರು ಕೊಡು. ಬಡಬಡಿಕೆ ಅಲ್ಲ. ಪಾರಸಿ. ಹೆಂಡತಿ ಹೊರಟಿದ್ದಾಳೆ.

*

ಫೆಬ್ರವರಿ ೮

ಅಕ್ಕಾ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಅಪ್ಪನ ಸುದ್ದಿಯನ್ನು ಹೇಗೆ ಹೇಳಬೇಕೋ ತಿಳಿಯದೆ ನಾನು ಹೇಳಲಿಲ್ಲ. ನೀನು ಬರೆದ ಮೂರು ಸಾಲು ಮುಂದಿಟ್ಟುಕೊಂಡು ಕುಳಿತೆ. ನಾನು ನಿಘಂಟಿನವನು, ನೋಡು. ಒಂದೊಂದು ಸದ್ದನ್ನೂ ಹಿಡಿದು ಅರಬ್ಬಿ ಧಾತುಗಳ ಕಡೆ ಎಳೆದೆ. ಪಾರಸಿ ಎದುರಿಗೇ ಕುಳಿತಿತ್ತು. ಪುಸ್ತಕದಲ್ಲಿ ಕಂಡಿದ್ದರೆ ನಾನೇ ಹಿಡಿಯುತ್ತಿದ್ದೆ. ಆದರೆ ‘ಅಪ್ಪ’ ಮತ್ತು ‘ಪಾರಸಿ’ ಎರಡನ್ನೂ ಒಂದೇ ವಾಕ್ಯದಲ್ಲಿಡಲು ನನ್ನ ತಲೆ ಒಪ್ಪಲಿಲ್ಲ. ಕಣ್ಣಿಗೆ ಸಿಗದದ್ದು ಕಿವಿಗೆ ಸಿಗಬಹುದು ಅಂತ ಗಟ್ಟಿಯಾಗಿ ಓದತೊಡಗಿದೆ. ಪಂಜರಾ ಬಾಜ್ ಕುನ್. ಪಂಜರಾ ಬಾಜ್ ಕುನ್.

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ದಾಟಿ ಹೋಗಿ, ಕಿಟಕಿ ತೆಗೆದಳು.

“ಒಂದು ಸಲ ಹೇಳಿದ್ರೆ ಸಾಲದಾ? ಎದ್ದು ನೀವೇ ತೆಗೀಬಾರ್ದಾ?”

ನಾನು ತೆರೆದ ಕಿಟಕಿಯನ್ನೂ ಅವಳನ್ನೂ ನೋಡಿದೆ.

“ಅದ್ಸರಿ, ನಿಮಗೆ ಈ ಹಳ್ಳಿ ಕಡೆ ರಾಗ ಎಲ್ಲಿಂದ ಬಂತು? ನಮ್ಮಜ್ಜಿ ಹೀಗೆ ಎಳೀತಿದ್ಲು.”

ಕಾಗದವನ್ನು ಅವಳ ಕಡೆ ತಳ್ಳಿದೆ. ಓದಿದಳು. ನಿಂತಿದ್ದವಳು ಕುಳಿತಳು. ‘ಕಿಟಕಿ ತೆಗಿ.’ ‘ಬಾಯಾರಿಕೆ.’ ‘ಗೌಹರ್ ಎಲ್ಲಿ?’ ಒಂದೊಂದರ ಮೇಲೂ ಬೆರಳಿಟ್ಟು ಹೇಳಿದಳು. ಆಮೇಲೆ ಕೇಳಿದಳು: “ತಿಂಗಳಿಂದ ಅವ್ರು ನೀರು ಕೇಳ್ತಿದ್ದಾರೆ, ಯಾರೂ ಕೊಟ್ಟಿಲ್ವಾ?”

ಇದು ಕಲಿತ ಪಾರಸಿ ಅಲ್ಲವಂತೆ. ಕಲಿತವರು ಹೀಗೆ ಆಡುವುದಿಲ್ಲವಂತೆ. ಮಗುವಾಗಿದ್ದಾಗ ಬಾಯಿಗೆ ಬಂದದ್ದಂತೆ.

ಇಷ್ಟು ವರ್ಷ ಅದನ್ನು ಪಾಂಡಿತ್ಯ ಅಂದುಕೊಂಡೆನಲ್ಲ, ಅಕ್ಕಾ! ಆ ಪದಗಳನ್ನು ಅವರು ಪುಸ್ತಕದಿಂದ ಹಿಡಿಯುತ್ತಿರಲಿಲ್ಲ. ಗುರುತು ಹಿಡಿಯುತ್ತಿದ್ದರು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಗುರುತು ಹಿಡಿದ ಹಾಗೆ. ಹಿಡಿದು ಹೊರಗೆ ನಿಲ್ಲಿಸುತ್ತಿದ್ದರು.

ನಿನಗೆ ಹೇಳದ ಒಂದು ವಿಷಯವಿದೆ. ಆ ಹಾಳೆಗಳ ಪಾರಸಿ ಭಾಗ ಬರೆದದ್ದು ಅವಳು. ಹೆಸರು ಹಾಕಿದರೆ ಅಪ್ಪ ಮುಟ್ಟುವುದಿಲ್ಲ ಅಂತ ತೆಗೆಸಿದ್ದೆ.

ಗುಬ್ಬಿಗೆ ಮೈಮೇಲೆ ಗುಳ್ಳೆ ಎದ್ದಿವೆ, ಪ್ರಯಾಣ ಮಾಡಿಸುವ ಹಾಗಿಲ್ಲ. ನಾನು ಮಗುವಿನ ಜೊತೆ ಉಳಿಯುತ್ತೇನೆ. ಅವಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಳೆ. “ಒಬ್ಬಳೇ ಹೋಗ್ತೀಯಾ? ಒಳಗೆ ಬಿಡದೆ ಹೋದ್ರೆ?” ಅಂದೆ. “ಹೊಸ್ತಿಲಲ್ಲಿ ನಿಂತೇ ಕೇಳ್ತೀನಿ, ಏನು ಬೇಕು ಅಂತ. ಕೇಳೋಕೆ ಒಳಗೇ ಹೋಗ್ಬೇಕಾ?” ಅಂದಳು.

ತಮ್ಮ

*

ಫೆಬ್ರವರಿ ೯

ತಮ್ಮಾ,

ನಿನ್ನ ತಂತಿ ಓದಿ ಮೊದಲು ಬಂದ ಯೋಚನೆ ಹೇಳಿಬಿಡುತ್ತೇನೆ: ಇದು ಗಂಡ ಹೆಂಡತಿ ಸೇರಿ ಹೂಡಿದ ಆಟ, ಮುದುಕರು ಮಲಗಿದ ಸಮಯ ನೋಡಿ ಅವಳನ್ನು ಮನೆ ಹೊಗಿಸುವ ಉಪಾಯ. ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿದವಳು ನಾನು. ಪುಕ್ಕಟೆ ಬಂದದ್ದನ್ನು ಎರಡು ಸಲ ತಿರುಗಿಸಿ ನೋಡದೆ ಬಿಡುವುದಿಲ್ಲ.

ಆದರೂ ಕಿಟಕಿ ತೆಗೆದೆ. ತೆಗೆದರೆ ಏನು ಗಂಟು ಹೋಗುತ್ತದೆ?

ಅಪ್ಪನ ಬಾಯಿ ನಿಂತಿತು. ಒಂದು ತಿಂಗಳಿಂದ ನಿಲ್ಲದ ಬಾಯಿ. ಬೀದಿಯ ಸದ್ದು ಒಳಗೆ ಬಂತು, ಯಾರದೋ ಸೈಕಲ್ ಗಂಟೆ, ಮೇಲಿನ ಮನೆಯವರು ಬಟ್ಟೆ ಕೊಡವುವುದು. ಅವರು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ನೀರು ಹಿಡಿದೆ. ಲೋಟ ಖಾಲಿ. ಇನ್ನೊಂದು. ಅದೂ ಖಾಲಿ. ಡಾಕ್ಟರು ಹೇಳಿದ್ದ ಎರಡೆರಡು ಚಮಚದ ಲೆಕ್ಕದಲ್ಲಿ ಕೊಡುತ್ತಿದ್ದೆ, ತಮ್ಮಾ. ಅವರು ಕೇಳುತ್ತಲೇ ಇದ್ದರು, ನಾನು ಬರೆದುಕೊಳ್ಳುತ್ತಲೇ ಇದ್ದೆ.

ಆಮೇಲೆ ನೆಲದ ಮೇಲೆ ಕುಳಿತೆ. ಗಂಡನ ಮನೆಯ ನಾಲ್ಕು ದಿನ ಬಿಟ್ಟರೆ ಹುಟ್ಟಿದಂದಿನಿಂದ ಈ ಮನುಷ್ಯನ ಜೊತೆ ಒಂದೇ ಸೂರಿನಡಿ ಇದ್ದೇನೆ. ಅವರ ಅಂಗಿಯ ತೋಳು ಎಷ್ಟು ಗೇಣು ಅಂತ ಕಣ್ಣು ಮುಚ್ಚಿ ಹೇಳುತ್ತ ಬಂದಿದ್ದೇನೆ. ಇವರು ಯಾರು?

ಅವಳು ಬರಲಿ. ಆದರೆ ಹೊಸ್ತಿಲಿಗೆ ಗೆರೆ ಹಾಕಿದವರು ಅಪ್ಪ. ಅದನ್ನು ನಾನು ಅಳಿಸಲಾರೆ. ಅಪ್ಪನೇ ಹೇಳಲಿ, ಯಾವ ಭಾಷೆಯಲ್ಲಾದರೂ ಸರಿ.

ಅಕ್ಕ

*

ಫೆಬ್ರವರಿ ೧೩

ತಮ್ಮಾ,

ಅವಳು ಬಂದಳು. ಬೆಳಗ್ಗೆ ನಾನು ಹಿತ್ತಲಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಒಳಗೆ ಬರಬಹುದಿತ್ತು, ಬರಲಿಲ್ಲ. ಚೀಲವನ್ನು ಬೀದಿಯಲ್ಲೇ ಇಟ್ಟು, ಅಪ್ಪನ ಮಂಚ ಕಾಣುವ ಹಾಗೆ ಬಾಗಿಲ ಆಚೆ ನಿಂತಿದ್ದಳು. ಹುಡುಗರು ಪದ ಓದುತ್ತಿದ್ದ ಜಾಗವೇ. ಅದು ಅವಳಿಗೆ ಗೊತ್ತಿತ್ತೋ, ನೀನು ಹೇಳಿದ್ದೆಯೋ, ನನಗೆ ತಿಳಿಯದು.

ಹಿತ್ತಲಿಂದ ಬಂದ ನನ್ನನ್ನು ಕಂಡು, “ಅಕ್ಕಾ, ನಾನು” ಅಂದಳು. ಮದುವೆಯಾಗಿ ಐದು ವರ್ಷಕ್ಕೆ ನನಗೆ ಆಡಿದ ಮೊದಲ ಮಾತು. ಸೀರೆಯ ನೀರು ಹಿಂಡುತ್ತಾ ನಿಂತೆ. ಅವಳು ಅಪ್ಪನ ಕಡೆ ತಿರುಗಿ, ಅಲ್ಲಿಂದಲೇ, ಮೆಲ್ಲಗೆ, “ಇಜಾಜ಼ ಹಸ್ತ್?” ಅಂದಳು. ಅಪ್ಪಣೆ ಇದೆಯಾ ಅಂತ, ಆಮೇಲೆ ಅವಳೇ ಹೇಳಿದ್ದು.

ಅಪ್ಪನ ಮುಖ ತಿರುಗಿತು. ಬೆದರಿದರು. ಆ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ ತಮ್ಮಾ, ಹೆದರಿಕೆ. ತುಂಬ ಹಳೆಯ ಗಿರಾಕಿ ಬಂದು ಮರೆತುಹೋದ ಬಾಕಿ ಕೇಳಿದ ಹಾಗೆ ಬೆದರಿದರು. ಅವಳು ಹೊಸ್ತಿಲು ಬಿಟ್ಟು ಅಲ್ಲಾಡಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ನನಗೆ ನಾಚಿಕೆಯಾಗಿ, ಬಾರೇ ಒಳಗೆ ಅಂತ ಬಾಯಿಗೆ ಬಂತು.

ಅಷ್ಟರಲ್ಲಿ ಅಪ್ಪ “ಬಿಯಾ” ಅಂದರು. ಎಡಗೈ ಹಾಸಿಗೆಯಿಂದ ಎತ್ತಿ, “ಬಿಯಾ ತೂ, ಬಿಯಾ ತೂ.”

ಇದೊಂದರ ಅರ್ಥವನ್ನು ಯಾರೂ ಹೇಳಬೇಕಾಗಲಿಲ್ಲ.

ಗಂಜಿ ಕುಡಿಸಿದಳು, ತಲೆದಿಂಬು ಬದಲಿಸಿದಳು, ಬೆನ್ನಿನ ಕೆಳಗೆ ಎಲ್ಲೋ ನೋವಿದೆಯಂತೆ, ಅದನ್ನೂ ಅವಳಿಗೇ ಹೇಳಿದರು. ಸಂಜೆ ಡಾಕ್ಟರು ಬಂದು ಇವರಿಬ್ಬರ ಮಾತು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು. “ನಲವತ್ತು ವರ್ಷದಿಂದ ಡಾಕ್ಟರಾಗಿದ್ದೀನಿ” ಅಂದರು. ಆಮೇಲೆ ನನ್ನ ಮುಂದೆ ಕುಳಿತು, ಕೆಲವರಿಗೆ ಹೀಗಾಗುವುದುಂಟು, ಆಮೇಲೆ ಕಲಿತದ್ದು ಹೋಗಿ ಮೊದಲು ಕಲಿತದ್ದು ಉಳಿಯುತ್ತದೆ, ನಾನು ಓದಿದ್ದೆ, ಕಂಡಿರಲಿಲ್ಲ, ತಪ್ಪಾಯಿತು ಅಂದರು.

ಇನ್ನೊಂದು ವಿಷಯ. ಗೌಹರ್ ಅಂತ ಕರೆಯುತ್ತಿದ್ದದ್ದು ನನ್ನನ್ನಲ್ಲ. ಬೇರೆ ಯಾರನ್ನೋ. ಅವಳು ಕೇಳಿದರೆ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಂದು ತಿಂಗಳು ಆ ಹೆಸರು ಕೇಳಿದಾಗಲೆಲ್ಲ “ಇಲ್ಲೇ ಇದ್ದೀನಿ” ಅಂತ ಓಡಿಬಂದೆನಲ್ಲ.

ಅಕ್ಕ

*

ಫೆಬ್ರವರಿ ೨೫

ಅಕ್ಕಾ,

ನಿನ್ನ ಕಾಗದ ಓದಿ ಒಂದು ಇಡೀ ದಿನ ಕಚೇರಿಗೆ ಹೋಗಲಿಲ್ಲ. ಗುಬ್ಬಿಯ ಗುಳ್ಳೆ ಒಣಗುತ್ತಿವೆ. ಅಮ್ಮ ಎಲ್ಲಿ ಅಂತ ಕೇಳುತ್ತಾಳೆ, ತಾತನ ಮನೆ ಅಂದರೆ “ನಮಗೆ ತಾತ ಇದ್ದಾರಾ?” ಅನ್ನುತ್ತಾಳೆ.

ಹೊಸ್ತಿಲಲ್ಲಿ ಅವಳು ಕೇಳಿದ ಆ ಮಾತನ್ನು ಬಿಡಿಸಿ ನೋಡಿದೆ. ‘ಇಜಾಜ಼’ ಅರಬ್ಬಿಯಿಂದ ಪಾರಸಿಗೆ ಹೋದದ್ದು. ‘ಹಸ್ತ್’ ಪಾರಸಿಯದೇ. ಅಷ್ಟು ಚಿಕ್ಕ ಮಾತಿನಲ್ಲೇ ಅರ್ಧ ಅಪ್ಪ ಕಲಿಸಿದ ಭಾಷೆ, ಅರ್ಧ ಅಪ್ಪ ಓಡಿಸಿದ ಭಾಷೆ. ಅವಳಿಗೆ ಇದು ಹೊಳೆದೇ ಇರುವುದಿಲ್ಲ.

ಗೌಹರ್ ಯಾರು? ಅಮ್ಮನಿಗಿಂತ ಮುಂಚೆ ಇನ್ನೊಬ್ಬ ಹೆಂಡತಿ ಇದ್ದಳೇ? ನನಗೆ ಬೇರೇನೂ ತೋಚುತ್ತಿಲ್ಲ. ಹಾಗಿದ್ದರೆ ಆ ಹೆಸರನ್ನೇ ಅರಬ್ಬಿ ಮಾಡಿ ನಿನಗಿಟ್ಟರಲ್ಲ, ಅಮ್ಮನ ಮುಂದೆಯೇ. ಮನಸ್ಸಿಗೆ ತುಂಬ ಕಸಿವಿಸಿಯಾಗಿದೆ.

ತಮ್ಮ

*

ಮಾರ್ಚ್ ೬

ತಮ್ಮಾ,

ನಿನ್ನ ಊಹೆಗೆ ಒಂದು ಚೀಟಿ ಮಾಡಿ ನಾಲ್ಕೂ ಮೂಲೆ ಕತ್ತರಿಸು.

ಗೌಹರ್ ನಮ್ಮ ಅಜ್ಜಿ. ಅಪ್ಪನ ಅಮ್ಮ. ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರಂತೆ, ಮಗನೂ ಸೇರಿ.

ನಿನ್ನೆ ಮಧ್ಯಾಹ್ನ ಹೇಳಿದರು. ಹೇಳಿದ್ದು ನಿನ್ನ ಹೆಂಡತಿಗೆ. ನಾನು ಪಕ್ಕದಲ್ಲಿ ಕಿಟಕಿಗೆಂದು ಜರಿ ಪರದೆಯ ಅಂಚು ಹೊಲಿಯುತ್ತಿದ್ದೆ. ಅವರು ಒಂದಿಷ್ಟು ಹೇಳುವುದು, ಅವಳು ನನ್ನ ಕಡೆ ತಿರುಗಿ ಅಷ್ಟನ್ನು ಹೇಳುವುದು, ಹೀಗೆ ನಡೆದಿತ್ತು. ಅಪ್ಪ ಏಳೆಂಟು ವರ್ಷದವರಿದ್ದಾಗ ತಾಯಿ ಮಗ ಇಬ್ಬರೇ ಪಾರಸಿ ಆಡುವ ಸೀಮೆಯಿಂದ ಇಲ್ಲಿಗೆ ಬಂದವರಂತೆ. ಅಜ್ಜಿ ಗುಂಡಿ, ದಾರ, ಲೇಸು ಬುಟ್ಟಿಯಲ್ಲಿಟ್ಟು ಮನೆಮನೆಗೆ ಮಾರುತ್ತಿದ್ದಳಂತೆ. ಇಲ್ಲಿಯ ಮಾತು ಬಾರದು. ಅವಳು ಬೀದಿಯಲ್ಲಿ ಕೂಗುವ ರಾಗವನ್ನು ಹುಡುಗರು ಅಣಕಿಸುತ್ತಿದ್ದರಂತೆ. ಆ ಹುಡುಗರ ಶಾಲೆಯಲ್ಲೇ ಅಪ್ಪ.

ಇಲ್ಲಿ ಅವಳು ನಿಲ್ಲಿಸಿದಳು. “ಅಕ್ಕಾ, ಮುಂದಿನದ್ದು ಹೇಳ್ಲೇಬೇಕಾ?”

“ಹೇಳಮ್ಮಾ. ಅರ್ಧ ಅಳೆದ ಬಟ್ಟೇನ ಹೇಗೆ ಕತ್ತರಿಸ್ಲಿ?”

ಒಂದು ದಿನ ಅಜ್ಜಿ ಮಗ ಮರೆತು ಹೋದ ಊಟದ ಡಬ್ಬಿ ಹಿಡಿದು ಶಾಲೆಗೆ ಬಂದಳಂತೆ. ತರಗತಿಯ ಬಾಗಿಲಲ್ಲಿ ನಿಂತು ಅವಳ ಭಾಷೆಯಲ್ಲಿ ಮಗನನ್ನು ಕರೆದಳಂತೆ. ಇಡೀ ತರಗತಿ ನಕ್ಕಿತು. “ಯಾರಪ್ಪಾ ಇವರು? ನಿನ್ನನ್ನ ಕರೀತಿದ್ದಾರಾ?” ಅಂತ ಗುರುಗಳು ಕೇಳಿದರು. ಅಪ್ಪ ಎದ್ದು ನಿಂತು, “ಗೊತ್ತಿಲ್ಲ. ಯಾರೋ ಹೊರಗಿನವರು” ಅಂದರಂತೆ.

ಅಜ್ಜಿಗೆ ಆ ಮಾತು ಅರ್ಥವಾಗುವಷ್ಟು ನಮ್ಮ ಭಾಷೆ ಬಂದಿತ್ತಂತೆ. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋದಳಂತೆ. ಅವತ್ತಿನಿಂದ ಮಗನ ಜೊತೆ ಪಾರಸಿ ಆಡಲಿಲ್ಲ, ಬಾರದ ನಮ್ಮ ಮಾತನ್ನೇ ತಡವರಿಸುತ್ತಿದ್ದಳಂತೆ. ಆ ಚಳಿಗಾಲದಲ್ಲೇ ಜ್ವರ ಬಂದು ತೀರಿಕೊಂಡಳು, ಹುಡುಗನನ್ನು ಅರಬ್ಬಿ ಪಾಠಶಾಲೆಯೊಂದು ಸಾಕಿತಂತೆ. ಕೊನೆಯ ದಿನಗಳಲ್ಲಿ ಅವಳ ಬಾಯಿಗೆ ಪಾರಸಿ ತಾನಾಗಿ ಬಂತಂತೆ. ಕಿಟಕಿ ತೆಗಿ, ಬಾಯಾರಿಕೆ ಅಂತ. ಮಗ ಉತ್ತರ ಕೊಡಲಿಲ್ಲವಂತೆ. ನೀರು ಕೊಟ್ಟರಂತೆ, ಮಾತು ಕೊಡಲಿಲ್ಲ.

ನನ್ನ ಕೈಯಲ್ಲಿದ್ದ ಸೂಜಿ ಹೆಬ್ಬೆರಳಿಗೆ ಇಳಿದದ್ದು ರಕ್ತ ನೋಡಿದ ಮೇಲೆ ತಿಳಿಯಿತು. ತಮ್ಮಾ, ನಿನ್ನನ್ನೂ ಸೇರಿಸಿ ಎಷ್ಟು ಹುಡುಗರು ಎಷ್ಟು ವರ್ಷ ಆ ಹೊಸ್ತಿಲಿಗೆ ಎದ್ದು ಹೋಗಿ ಒಂದು ಪದ ಹೇಳಿ ಬಂದಿರಿ! ಅದು ಶಿಕ್ಷೆ ಅಂತ ನೀವೆಲ್ಲ ತಿಳಿದಿರಿ, ಅಪ್ಪನ ಜಂಭ ಅಂತ ನಾನು ತಿಳಿದೆ. ದಿನ ಬೆಳಗಾದರೆ ಒಬ್ಬ ಹುಡುಗ ಬಾಗಿಲಲ್ಲಿ ನಿಂತು ತಾಯಿಯ ಭಾಷೆಯಲ್ಲಿ ಒಂದು ಮಾತು ಆಡಬೇಕು, ತಾನು ಅದನ್ನು ಒಳಗೆ ಕುಳಿತು ಕೇಳಬೇಕು. ಬೇರೆ ಯಾವ ರೀತಿ ಕೇಳಲೂ ಅವರಿಗೆ ಧೈರ್ಯವಿರಲಿಲ್ಲ.

ನಿನ್ನ ಹಾಳೆಯ ಬಗ್ಗೆಯೂ ಕೇಳಿದೆವು. ‘ಪಾರಸಿಯ ಗೌಹರ್‌ನಿಂದ’ ಅಂತ ಅಚ್ಚಾಗಿದ್ದನ್ನು ನೋಡಿ, ಎಷ್ಟೋ ವರ್ಷದ ಮೇಲೆ ಆ ಹೆಸರನ್ನು ಬಾಯಿ ಬಿಟ್ಟು ಹೇಳಿದರಂತೆ. ಚೆನ್ನಾಗಿ ಕೇಳಿಸಿತಂತೆ. ಇನ್ನೊಂದು ಸಲ ಹೇಳಿದರಂತೆ. ಅಷ್ಟೇ ಅವರಿಗೆ ನೆನಪು. ಹಾಗಾಗಿ ಹಾಳೆ ಕಳಿಸಿದ್ದಕ್ಕೆ ನಿನ್ನನ್ನು ಬೈದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೆಂಡತಿಯ ಹೆಸರು ತೆಗೆಸಿದ್ದಕ್ಕೆ ಬೈಯುವುದು ಬಾಕಿ ಇದೆ.

ನನ್ನದೂ ಒಂದಿದೆ. ಗಂಡ ಹೋದ ಮೇಲೆ ನಾನು ತುಂಡು ಬಟ್ಟೆಗಳ ಗಂಟು ಹೊತ್ತು ಬೀದಿಗೆ ಇಳಿದ ಮೊದಲ ದಿನ, ಅಪ್ಪ ನನ್ನ ಹಿಂದೆಯೇ, ದೂರದಲ್ಲಿ, ಒಂದೊಂದು ಬೀದಿಯೂ ನಡೆದು ಬಂದಿದ್ದರು. ಮರ್ಯಾದೆ ಹೋಯಿತು ಅಂತ ಕಾವಲಿಗೆ ಬರುತ್ತಿದ್ದಾರೆ ಅಂದುಕೊಂಡೆ. ಅಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ನನ್ನ ಕಾಲ ಮೇಲೆ ನಾನೇ ನಿಂತೆ, ಯಾರ ದಾರಿಯನ್ನೂ ತುಳಿದವಳಲ್ಲ ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವರು ಯಾರ ಹಿಂದೆ ನಡೆಯುತ್ತಿದ್ದರೋ!

ಅಕ್ಕ

*

ಮಾರ್ಚ್ ೧೮

ಅಕ್ಕಾ,

ಏನು ಬರೆಯಲಿ? ಹೊಸ್ತಿಲಲ್ಲಿ ನಾನು ಪದಗಳನ್ನು ಬೇಕೆಂದೇ ಅಣಕದ ರಾಗದಲ್ಲಿ ಓದುತ್ತಿದ್ದೆ, ಹುಡುಗರು ನಗಲಿ ಅಂತ. ಅಪ್ಪ ಒಮ್ಮೆಯೂ ಹೊಡೆಯಲಿಲ್ಲ. ತಲೆ ತಗ್ಗಿಸಿಕೊಳ್ಳುತ್ತಿದ್ದರು.

ಅವಳ ಹೆಸರು ಮೊದಲ ಪುಟದಲ್ಲಿ ಸೇರಿದೆ, ನನ್ನ ಹೆಸರಿನ ಮೇಲೆ. ಅಚ್ಚಿನ ಮನೆಯವರು “ಈಗ್ಯಾಕ್ರೀ ಬದಲಾವಣೆ?” ಅಂತ ಗೊಣಗಿದರು. ಇಪ್ಪತ್ತರಂದು ಗುಬ್ಬಿಯನ್ನು ಕರೆದುಕೊಂಡು ಹೊರಡುತ್ತೇನೆ. ಗುಬ್ಬಿಯನ್ನು ಕಟ್ಟಿಕೊಂಡು ಅವಳಮ್ಮ ನಿಮ್ಮಲ್ಲೇ ಉಳಿಯಬೇಕಾದೀತು. ಅಪ್ಪನಿಗೆ ಅವಳ ಹೊರತು ಬೇರೆ ಕಿವಿ ಇಲ್ಲ. ಅದನ್ನು ಬಾಯಿ ಬಿಟ್ಟು ಹೇಳಲು ನಿನಗೆ ಸಂಕೋಚ, ಕೇಳಲು ಅವಳಿಗೆ ಸಂಕೋಚ. ನಾನೇ ಹೇಳುತ್ತಿದ್ದೇನೆ.

ತಮ್ಮ

*

ಮೇ ೨, ಮುಂದುವರಿದದ್ದು

ತಮ್ಮಾ,

ನೀನು ಬಂದು ಹೋದದ್ದು ನಿನಗೇ ಗೊತ್ತಿದೆ, ಅದನ್ನು ಬರೆಯುವುದಿಲ್ಲ. ನೀನು ಹೋದ ಮೇಲಿನದ್ದು ಒಂದಿದೆ.

ಮೊನ್ನೆ ಅಪ್ಪ ಕಿಟಕಿಯ ಕಡೆ ನೋಡುತ್ತಾ ಗೌಹರ್ ಅಂದರು. ಅಜ್ಜಿಯನ್ನು ಕರೆದದ್ದು ಅಂತ ನಾನು ಸುಮ್ಮನೆ ಬಟ್ಟೆ ಮಡಿಸುತ್ತಿದ್ದೆ. ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು. ತುಟಿಯನ್ನು ಹೇಗೋ ಒಟ್ಟು ಮಾಡಿಕೊಂಡು, ತುಂಬ ಕಷ್ಟಪಟ್ಟು, “ಜೌಹರ್” ಅಂದರು. ತಂಗಿ, ಅಂದರೆ ನಿನ್ನ ಹೆಂಡತಿ, ಕೈಯಲ್ಲಿದ್ದ ಬಟ್ಟಲನ್ನು ಹಾಗೇ ಹಿಡಿದು ನಿಂತಳು. “ಅಕ್ಕಾ, ಇದು ನಮ್ಮ ಭಾಷೆಯದ್ದಲ್ಲ. ನಿಮ್ಮನ್ನೇ ಕರೆದಿದ್ದು.” ಕಳೆದುಹೋದ ಅರಬ್ಬಿಯಲ್ಲಿ ವಾಪಸು ಬಂದದ್ದು ಅದೊಂದೇ. ಬೇರೆ ಬಂದಿಲ್ಲ. ಬಾರದಿದ್ದರೂ ಸರಿ.

ಇನ್ನು ಯಾರಿಗೆ ಏನು ಸಿಕ್ಕಿತು ಅನ್ನುವುದು.

ಅಪ್ಪನಿಗೆ: ಹೊಟ್ಟೆಗೆ ಎರಡು ಹೊತ್ತು ಊಟ, ಕಿಟಕಿಯ ಗಾಳಿ, ಉತ್ತರ ಕೊಡುವ ಒಬ್ಬ ಸೊಸೆ.

ತಂಗಿಗೆ: ಮಾವ. ಪುಸ್ತಕದಲ್ಲಿ ಹೆಸರು. ಅಂಗಡಿಯಲ್ಲಿ ನನ್ನ ಪಕ್ಕದ ಪೀಠ, ಏಕೆಂದರೆ ಅವಳ ಮುಖ ನೋಡಿದರೆ ಗಿರಾಕಿಗಳು ಚೌಕಾಸಿ ಮಾಡುವುದಿಲ್ಲ.

ಗುಬ್ಬಿಗೆ: ತಾತ. ಅವಳು ಆಡುವ ಪಾರಸಿಗೆ ತಾತ ನಗುತ್ತಾರೆ, ತಾತ ಆಡುವುದಕ್ಕೆ ಅವಳು.

ಡಾಕ್ಟರಿಗೆ: ಒಂದು ಹೊಸ ವಿಷಯ, ಒಂದು ಸಣ್ಣ ಅವಮಾನ.

ನನಗೆ: ಅಜ್ಜಿ. ಮತ್ತೆ ನನ್ನ ಹೆಸರು.

ನಿನಗೆ: ಬರಿದಾದ ಮನೆ, ನಿನ್ನದೇ ಕೈಯಡುಗೆ, ಈ ಕಾಗದಗಳು. ನಿನ್ನ ಪಾಲು ಸಣ್ಣದು, ಒಪ್ಪುತ್ತೇನೆ.

ಗಿಳಿಗೆ: ತಿಂಗಳುಗಟ್ಟಲೆ ಅಪ್ಪನ ಪಕ್ಕದಲ್ಲಿದ್ದು ‘ಬಾಜ್ ಕುನ್’ ಅನ್ನುವುದನ್ನು ಕಲಿತಿತ್ತು. ತೆಗಿ, ತೆಗಿ ಅಂತ ದಿನವಿಡೀ ಒಂದೇ ಕೂಗು. ನಮ್ಮ ಮನೆಯಲ್ಲಿ ಆ ಮಾತನ್ನು ಕೇಳಿಸಿಕೊಂಡೂ ಸುಮ್ಮನಿರಲು ಈಗ ಯಾರಿಗೂ ಆಗುವುದಿಲ್ಲ. ನಿನ್ನೆ ಪಂಜರದ ಬಾಗಿಲು ತೆಗೆದೆ. ಹಾರಿಹೋಯಿತು. ಅದಕ್ಕೇ ಗಿಳಿಯನ್ನು ಖರ್ಚಿಗೆ ಬರೆದಿದ್ದೇನೆ. ಪಂಜರ ಉಳಿದಿದೆ, ಗುಬ್ಬಿ ಅದರಲ್ಲಿ ದಾರದ ಉಂಡೆಗಳನ್ನು ಇಟ್ಟಿದ್ದಾಳೆ.

ಅಕ್ಕ